ಉತ್ತರ ಕೊಡಬೇಕಾದವರು ಸದನಕ್ಕೇ ಬರುವುದಿಲ್ಲ, ಕೇಳಬೇಕಾದವರು ಕನ್ನಡದಲ್ಲಿ ಬಾಯಿ ಬಿಡುವುದಿಲ್ಲ!

ಕನ್ನಡದ ತರುಣರೇ,

ದಿಲ್ಲಿಗೆ ನಾವು ಕಳಿಸುವುದು 40 ಜನರನ್ನು. ಲೋಕಸಭೆಗೆ 28, ರಾಜ್ಯಸಭೆಗೆ 12. ನಲವತ್ತು ಬಾಯಿ! ಗೆದ್ದಾಗ ಹಾರ, ತುರಾಯಿ, ಪಟಾಕಿ, ಬೀದಿ ತುಂಬ ಬ್ಯಾನರು. ಗೆದ್ದು ಹೋದ ಮೇಲೆ? ನಮ್ಮ ನೆಲದಲ್ಲಿ ನಿಂತಿರುವ ವಿಮಾನ ಕಾರ್ಖಾನೆಯ ಬಗ್ಗೆ, ನಮ್ಮ ಕಡಲಿಗೆ ಬೇಲಿ ಹಾಕಿ ಕಟ್ಟಿದ ನೌಕಾನೆಲೆಯ ಬಗ್ಗೆ, ಗಡಿಯಲ್ಲಿ ನಿಂತ ನಮ್ಮ ಹುಡುಗರ ಬಗ್ಗೆ ರಕ್ಷಣಾ ಮಂತ್ರಿಯ ಮುಖ ನೋಡಿ ಪ್ರಶ್ನೆ ಕೇಳಿದವರೆಷ್ಟು? ಕೇಳಿದವರಲ್ಲಿ ಕನ್ನಡದಲ್ಲಿ ಕೇಳಿದವರೆಷ್ಟು? ನಿಮ್ಮ ಕ್ಷೇತ್ರದ ಸಂಸದರ ಹೆಸರು ಬರೆದು ಪಕ್ಕದಲ್ಲಿ ಉತ್ತರ ಬರೆಯಲು ಹೊರಡಿ. ಪೆನ್ನು ಅಲ್ಲೇ ನಿಲ್ಲುತ್ತದೆ.

"ರಕ್ಷಣೆ ವಿಷಯ ನಮಗ್ಯಾಕಪ್ಪಾ, ಅದೆಲ್ಲ ದಿಲ್ಲಿ ದೊಡ್ಡವರ ಕೆಲಸ" ಎನ್ನುವ ಅಭಿಮಾನಶೂನ್ಯರು ನಮ್ಮಲ್ಲೇ ಇದ್ದಾರೆ. ಅವರಿಗೆ ಹೇಳಿ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ವಿಮಾನ ಕಾರ್ಖಾನೆ ಕಟ್ಟಲು ಹೊರಟಾಗ ಜಾಗ ಕೊಟ್ಟು, ಬಂಡವಾಳ ಹಾಕಿ ಕೈ ಹಿಡಿದದ್ದು ಮೈಸೂರು ಸಂಸ್ಥಾನ. ಅದೇ ಇವತ್ತಿನ ಎಚ್‌ಎಎಲ್. 1954ರಲ್ಲಿ ಬಿಇಎಲ್, 1964ರಲ್ಲಿ ಬಿಇಎಂಎಲ್. ರಡಾರ್ ಮಾಡುವ ಪ್ರಯೋಗಾಲಯ, ಜೆಟ್ ಎಂಜಿನ್ ಮಾಡುವ ಪ್ರಯೋಗಾಲಯ ಎಲ್ಲ ನಮ್ಮ ಬೆಂಗಳೂರಿನಲ್ಲಿ. ಗುಬ್ಬಿ ತಾಲೂಕಿನಲ್ಲಿ 615 ಎಕರೆಯ ಹೆಲಿಕಾಪ್ಟರ್ ಕಾರ್ಖಾನೆ 2023ರಲ್ಲಿ ಶುರುವಾಯಿತು. ಕಾರವಾರದಲ್ಲಿ ನೌಕಾನೆಲೆ. ದೇಶ ಕಾಯುವ ಆಯುಧ ನಮ್ಮ ಅಂಗಳದಲ್ಲಿ ತಯಾರಾಗುತ್ತಿರುವಾಗ, ಅದರ ಲೆಕ್ಕ ಕೇಳುವ ಹಕ್ಕು ನಮಗಿಲ್ಲವೇ?

ಹಕ್ಕು ಕಾಗದದ ಮೇಲೆ ಚೆನ್ನಾಗಿಯೇ ಇದೆ. ಲೋಕಸಭೆಯಲ್ಲಿ ಬೆಳಿಗ್ಗೆ 11ರಿಂದ 12ರವರೆಗೆ ಪ್ರಶ್ನೋತ್ತರ ವೇಳೆ. ಸಂಸದ 15 ದಿನ ಮೊದಲೇ ಪ್ರಶ್ನೆ ಕಳಿಸಬೇಕು. ದಿನಕ್ಕೆ 20 ಪ್ರಶ್ನೆಗೆ ಚುಕ್ಕೆ ಗುರುತು ಬೀಳುತ್ತದೆ. ಅವಕ್ಕೆ ಮಂತ್ರಿ ಎದ್ದು ನಿಂತು ಬಾಯಲ್ಲೇ ಉತ್ತರ ಹೇಳಬೇಕು. ಇನ್ನು 230ಕ್ಕೆ ಬರೆದ ಉತ್ತರ. ಬರೆದ ಉತ್ತರವನ್ನು ಇಲಾಖೆಯ ಗುಮಾಸ್ತರು ತಿದ್ದಿ ತೀಡಿ ಎಲ್ಲೂ ಸಿಕ್ಕಿಹಾಕಿಕೊಳ್ಳದ ಹಾಗೆ ಮಾಡಿರುತ್ತಾರೆ. ಸತ್ಯ ಹೊರಬೀಳುವುದು ಚುಕ್ಕೆ ಪ್ರಶ್ನೆಯ ಬಾಲ ಹಿಡಿದು ಬರುವ ಪೂರಕ ಪ್ರಶ್ನೆಯಲ್ಲಿ. ಅಲ್ಲಿ ಮಂತ್ರಿಗೆ ಚೀಟಿಯ ಆಸರೆ ಇರುವುದಿಲ್ಲ. ತಡವರಿಸುತ್ತಾನೆ, ಬೆವರುತ್ತಾನೆ, ಒಂದೊಂದು ಸಲ ನಿಜವನ್ನೂ ಹೇಳಿಬಿಡುತ್ತಾನೆ!

ಅದಕ್ಕೇ ಅಧಿಕಾರದಲ್ಲಿರುವ ಯಾವ ಪಕ್ಷಕ್ಕೂ ಈ ಒಂದು ಗಂಟೆ ಕಂಡರೆ ಆಗದು. ರಕ್ಷಣೆಯ ವಿಷಯ ಬಂದರಂತೂ ತಪ್ಪಿಸಿಕೊಳ್ಳುವ ದಾರಿ ರೆಡಿ. ನಿಜವಾಗಿ ನಿರ್ಧಾರ ಮಾಡಿದವನು ಸದನದ ಸದಸ್ಯನೇ ಅಲ್ಲ, ಸಲಹೆಗಾರ! ಸದಸ್ಯನಾದ ಮಂತ್ರಿ "ಇದು ಗುಟ್ಟು" ಎನ್ನುತ್ತಾನೆ. ಗುಟ್ಟಲ್ಲದ ಚೂರುಪಾರನ್ನು ಹೇಳಿದರೂ ಹೇಳುವುದು ಇಂಗ್ಲಿಷಿನಲ್ಲಿ, ಇಲ್ಲವೇ ಹಿಂದಿಯಲ್ಲಿ. ಕನ್ನಡಿಗನ ಕಿವಿಗೆ ಬೀಳುವುದು ಏನು? ಮೈಕಿನ ಗೊರಗೊರ.

ನಮ್ಮ 108 ವಿಮಾನಗಳ ಕತೆ

ರಫೇಲ್ ಎಂದರೆ ಟೀವಿಯವರ ಕಿರುಚಾಟ ಎಂದುಕೊಂಡಿರುವ ಬೆಂಗಳೂರಿನ ಹುಡುಗರು ಸ್ವಲ್ಪ ಕೇಳಿ. ಮೊದಲ ಯೋಜನೆಯಲ್ಲಿ ವಾಯುಪಡೆಗೆ ಬೇಕಾಗಿದ್ದದ್ದು 126 ಯುದ್ಧವಿಮಾನ. 18 ಫ್ರಾನ್ಸಿನಿಂದ ಹಾರಿ ಬರಬೇಕು. ಉಳಿದ 108? ಎಚ್‌ಎಎಲ್‌ನಲ್ಲಿ ತಯಾರಾಗಬೇಕು! 2012ರಲ್ಲಿ ರಫೇಲ್ ಆಯ್ಕೆಯಾಯಿತು. ಆಮೇಲೆ ಮೂರು ವರ್ಷ ಮಾತುಕತೆ ಎಳೆಯಿತು. ದುಡಿಮೆಯ ಗಂಟೆಗಳ ಲೆಕ್ಕದಲ್ಲಿ, ವಿಮಾನದ ಗ್ಯಾರಂಟಿ ಯಾರ ಹೊಣೆ ಎಂಬುದರಲ್ಲಿ ಫ್ರೆಂಚ್ ಕಂಪನಿಗೂ ಎಚ್‌ಎಎಲ್‌ಗೂ ಹೊಂದಲಿಲ್ಲ ಎಂಬುದು ಸರ್ಕಾರದ ವಾದ. ಇರಲಿ. 2015ರ ಏಪ್ರಿಲ್‌ನಲ್ಲಿ ಪ್ರಧಾನಿ ಪ್ಯಾರಿಸ್‌ಗೆ ಹೋಗಿ 36 ಸಿದ್ಧ ವಿಮಾನ ಕೊಳ್ಳುತ್ತೇವೆಂದು ಘೋಷಿಸಿದರು. 2016ರ ಸೆಪ್ಟೆಂಬರಿನಲ್ಲಿ ಸುಮಾರು 59 ಸಾವಿರ ಕೋಟಿಗೆ ಸಹಿ ಬಿತ್ತು. ಬೆಂಗಳೂರಿನ 108 ಸೊನ್ನೆಯಾಯಿತು.

ಸಂಸದರು ಬೆಲೆ ಕೇಳಿದರು. 2016ರ ನವೆಂಬರಿನಲ್ಲಿ ರಾಜ್ಯ ಮಂತ್ರಿ ಸುಭಾಷ್ ಭಾಮ್ರೆ ಲೋಕಸಭೆಗೆ ಹೇಳಿದರು: ಆಯುಧ, ಸಲಕರಣೆ ಬಿಟ್ಟು ವಿಮಾನವೊಂದಕ್ಕೆ ಸುಮಾರು 670 ಕೋಟಿ. ಸರಿ, ಪೂರ್ತಿ ಬೆಲೆ ಎಷ್ಟು? 2018ರ ಫೆಬ್ರವರಿಯಲ್ಲಿ ರಾಜ್ಯಸಭೆಯಲ್ಲಿ ಉತ್ತರ ಬಂತು: ಹೇಳಲಾಗದು, 2008ರಲ್ಲಿ ಫ್ರಾನ್ಸ್ ಜೊತೆ ಗೋಪ್ಯತೆಯ ಒಪ್ಪಂದವಾಗಿದೆ! (ಆ ಗೋಪ್ಯದ ಕಾಗದಕ್ಕೆ ಸಹಿ ಬಿದ್ದದ್ದು ಕಾಂಗ್ರೆಸ್ ಸರ್ಕಾರದ ಕಾಲದಲ್ಲಿ. ಒಬ್ಬರು ಬೀಗ ಮಾಡಿಸಿದರು, ಇನ್ನೊಬ್ಬರು ಹಾಕಿದರು.)

ಹೀಗೆ ಉತ್ತರ ಕೊಟ್ಟ ರಕ್ಷಣಾ ಮಂತ್ರಿ ಯಾರು ಗೊತ್ತೇ? ನಿರ್ಮಲಾ ಸೀತಾರಾಮನ್. ರಾಜ್ಯಸಭೆಯಲ್ಲಿ ಅವರು ಯಾವ ರಾಜ್ಯದ ಪ್ರತಿನಿಧಿ? ಕರ್ನಾಟಕದ್ದು! 2016ರಲ್ಲಿ ನಮ್ಮ ಶಾಸಕರೇ ಓಟು ಹಾಕಿ ಕಳಿಸಿದವರು. 2022ರಲ್ಲಿ ಮತ್ತೆ ಕಳಿಸಿದರು. ಕರ್ನಾಟಕದ ಹೆಸರಲ್ಲಿ ಸದನದಲ್ಲಿ ಕೂತವರು, ಕರ್ನಾಟಕದ ಕಾರ್ಖಾನೆಯ ಕೈತಪ್ಪಿದ ಕೆಲಸದ ಬಗ್ಗೆ, ಕರ್ನಾಟಕಕ್ಕೆ ತಿಳಿಯದ ಭಾಷೆಯಲ್ಲಿ, "ಹೇಳಲಾಗದು" ಎಂದರು. ಇದಕ್ಕಿಂತ ದೊಡ್ಡ ಅಣಕ ಬೇಕೇ?

2019ರ ಜನವರಿಯಲ್ಲಿ ಇದೇ ಎಚ್‌ಎಎಲ್ ಸಂಬಳ ಬಟವಾಡೆಗೆ ಬ್ಯಾಂಕಿನಿಂದ ಸುಮಾರು ಸಾವಿರ ಕೋಟಿ ಕೈಗಡ ಎತ್ತಬೇಕಾಯಿತು. ಕಾರಣ, ಕೊಟ್ಟ ಮಾಲಿಗೆ ವಾಯುಪಡೆಯಿಂದ ಹಣ ಬಂದಿರಲಿಲ್ಲ. ಅದೇ ತಿಂಗಳು ಲೋಕಸಭೆಯಲ್ಲಿ ಮಂತ್ರಿಯವರ ಹೇಳಿಕೆ: ಎಚ್‌ಎಎಲ್‌ಗೆ 1 ಲಕ್ಷ ಕೋಟಿಯ ಕೆಲಸ! ಕೆದಕಿ ಕೇಳಿದಾಗ ಬಿಚ್ಚಿಕೊಂಡಿತು. ಸಹಿಯಾದ ಗುತ್ತಿಗೆ 26 ಸಾವಿರ ಕೋಟಿ ಚಿಲ್ಲರೆ, ಉಳಿದ 73 ಸಾವಿರ ಕೋಟಿ ಇನ್ನೂ ದಾರಿಯಲ್ಲಿದೆ ಎಂದಾಯಿತು. ನೋಡಿದಿರಾ, ಪೂರಕ ಪ್ರಶ್ನೆಯ ಮಹಿಮೆ! ಯಾರೂ ಕೆದಕದಿದ್ದರೆ ದಾರಿಯಲ್ಲಿದ್ದದ್ದೂ ಜೇಬಿನಲ್ಲಿದ್ದಂತೆ ಲೆಕ್ಕವಾಗುತ್ತಿತ್ತು. ಕೆದಕಿದವರು ಯಾರು? ಅಮೇಠಿಯ ಸಂಸದ. ಬೆಂಗಳೂರಿನ ಸಂಸದರು ಆ ಹೊತ್ತಿಗೆ ಯಾವ ಮೇಜು ಕುಟ್ಟುತ್ತಿದ್ದರೋ!

ಮುಂದೆ 2021ರಲ್ಲಿ 83 ತೇಜಸ್ ವಿಮಾನಗಳಿಗೆ ಗುತ್ತಿಗೆ ಬಂತು, ಸುಮಾರು 48 ಸಾವಿರ ಕೋಟಿಯದು. 2024ರಿಂದ ಕೊಡಬೇಕಿತ್ತು. ಆ ವರ್ಷ ಒಂದನ್ನೂ ಕೊಡಲಾಗಲಿಲ್ಲ. ಅಮೆರಿಕದ ಕಂಪನಿಯಿಂದ ಎಂಜಿನ್ ತಡವಾಯಿತು ಎಂದರು. 2025ರ ಫೆಬ್ರವರಿಯಲ್ಲಿ ಯಲಹಂಕದ ವಿಮಾನ ಪ್ರದರ್ಶನದಲ್ಲಿ ವಾಯುಪಡೆಯ ಮುಖ್ಯಸ್ಥರೇ ಎಚ್‌ಎಎಲ್ ಮೇಲೆ ತಮಗೆ ಭರವಸೆಯಿಲ್ಲ ಎಂದದ್ದನ್ನು ದೇಶವೇ ಕೇಳಿತು. ತಪ್ಪು ಎಚ್‌ಎಎಲ್‌ನದ್ದೇ ಇರಬಹುದು. ನಮ್ಮೂರ ಕಾರ್ಖಾನೆ ಎಂದು ಅದರ ಸೋಮಾರಿತನವನ್ನು ಮುಚ್ಚಿಡುವ ಅಗತ್ಯವಿಲ್ಲ. ಎಂಜಿನ್ ತಡವಾದದ್ದಕ್ಕೆ ಹೊಣೆ ಯಾರು, ಇಲ್ಲೇ ಎಂಜಿನ್ ಮಾಡಲು 1989ರಲ್ಲಿ ಮಂಜೂರಾದ ಕಾವೇರಿ ಯೋಜನೆ ಯಾಕೆ ತೇಜಸ್‌ಗೆ ಹೆಗಲು ಕೊಡಲಿಲ್ಲ, ಇದನ್ನೆಲ್ಲ ಸದನದಲ್ಲಿ ಕೇಳಿಸಬೇಕಾದವರು ನಾವೇ.

ಸಲಹೆಗಾರ ಎಂಬ ಅದೃಶ್ಯ ದೇವರು

ಈಗ ಮುಖ್ಯ ವಿಷಯಕ್ಕೆ ಬನ್ನಿ. ರಫೇಲ್ ಮಾತುಕತೆಗೆ ರಕ್ಷಣಾ ಇಲಾಖೆಯ ತಂಡವೊಂದಿತ್ತು. ಅದನ್ನು ಬಿಟ್ಟು ಪ್ರಧಾನಿ ಕಚೇರಿಯವರು ಬೇರೆಯಾಗಿ ಫ್ರೆಂಚರ ಜೊತೆ ಮಾತಾಡುತ್ತಿದ್ದಾರೆ, ಇದರಿಂದ ನಮ್ಮ ಹಿಡಿತ ಸಡಿಲವಾಗುತ್ತದೆ ಎಂದು ಇಲಾಖೆಯ ಅಧಿಕಾರಿಗಳೇ 2015ರ ನವೆಂಬರಿನಲ್ಲಿ ಟಿಪ್ಪಣಿ ಬರೆದಿದ್ದರು. 2019ರ ಫೆಬ್ರವರಿಯಲ್ಲಿ ಅದು 'ದಿ ಹಿಂದೂ' ಪತ್ರಿಕೆಯಲ್ಲಿ ಅಚ್ಚಾಯಿತು. ಅದೇ ಹಾಳೆಯಲ್ಲಿ ಅಂದಿನ ಮಂತ್ರಿ ಮನೋಹರ ಪರಿಕ್ಕರ್ "ಇದು ಅತಿಯಾಯಿತು" ಎಂಬರ್ಥದಲ್ಲಿ ಷರಾ ಬರೆದದ್ದೂ ಹೊರಬಿತ್ತು. ಸದನದಲ್ಲಿ ಗದ್ದಲ. ನಿರ್ಮಲಾ ಅವರ ಉತ್ತರ ಏನು? ಪ್ರಧಾನಿ ಕಚೇರಿ ಆಗಾಗ ವಿಚಾರಿಸುವುದು ಹಸ್ತಕ್ಷೇಪವಲ್ಲ. ನಿಮ್ಮ ಕಾಲದಲ್ಲಿ ಸೋನಿಯಾ ಗಾಂಧಿಯವರ ರಾಷ್ಟ್ರೀಯ ಸಲಹಾ ಮಂಡಳಿ ಮಾಡಿದ್ದೇನು?

ಭಲೇ! ನೀನು ಕದ್ದೆಯಾ ಎಂದರೆ ನಿಮ್ಮಪ್ಪ ಕದ್ದಿರಲಿಲ್ಲವೇ ಎಂಬ ನ್ಯಾಯ. ಸುಪ್ರೀಂ ಕೋರ್ಟು 2018ರ ಡಿಸೆಂಬರಿನಲ್ಲಿ ರಫೇಲ್ ಖರೀದಿಯ ಅರ್ಜಿಗಳನ್ನು ತಳ್ಳಿಹಾಕಿತು, 2019ರಲ್ಲಿ ಮರುಪರಿಶೀಲನೆಯ ಅರ್ಜಿಯನ್ನೂ ತಳ್ಳಿತು. ಹಗರಣ ನಡೆಯಿತು ಎಂದು ನಾವು ಇಲ್ಲಿ ಹೇಳುತ್ತಿಲ್ಲ. ನಾವು ಕೇಳುವುದು ಸರಳ: ಮಾತಾಡಿದವರನ್ನು ಸದನಕ್ಕೆ ಕರೆದು ಕೇಳುವುದು ಹೇಗೆ? ಸಂವಿಧಾನದ 75ನೇ ವಿಧಿ ಮಂತ್ರಿಮಂಡಲವನ್ನು ಲೋಕಸಭೆಗೆ ಹೊಣೆ ಮಾಡಿದೆ. ಸಲಹೆಗಾರರನ್ನು ಮಾಡಿಲ್ಲ. 1998ರಲ್ಲಿ ವಾಜಪೇಯಿ ಸರ್ಕಾರ ರಾಷ್ಟ್ರೀಯ ಭದ್ರತಾ ಸಲಹೆಗಾರ ಎಂಬ ಹುದ್ದೆ ಹುಟ್ಟಿಸಿತು. ಮೊದಲು ಬ್ರಜೇಶ್ ಮಿಶ್ರಾ. ಆಮೇಲೆ ಕಾಂಗ್ರೆಸ್ಸಿನವರು ಅದನ್ನು ತೆಗೆದರೇ? ಕೈಮುಗಿದು ಇಟ್ಟುಕೊಂಡರು. 2014ರಿಂದ ಅಜಿತ್ ದೋವಲ್. 2019ರಲ್ಲಿ ಅವರಿಗೆ ಸಂಪುಟ ದರ್ಜೆಯೂ ಬಂತು. ಮಂತ್ರಿಯ ದರ್ಜೆ ಇದೆ, ಮಂತ್ರಿಯ ಹೊಣೆ ಇಲ್ಲ. ಚೀನಾ ಜೊತೆ ಗಡಿ ಮಾತುಕತೆಗೆ ಅವರು ಹೋಗುತ್ತಾರೆ. ಪ್ರಶ್ನೋತ್ತರ ವೇಳೆಗೆ ಬರಬೇಕಾಗಿಲ್ಲ!

2020ರ ಜೂನ್ 15ರಂದು ಗಾಲ್ವಾನಿನಲ್ಲಿ 20 ಯೋಧರು ಪ್ರಾಣ ಕೊಟ್ಟರು. ಸೆಪ್ಟೆಂಬರಿನಲ್ಲಿ ಅಧಿವೇಶನ ಸೇರಿದಾಗ ಪ್ರಶ್ನೋತ್ತರ ವೇಳೆಯೇ ಇಲ್ಲ. ಕೊರೋನಾ ನೆಪ. 15ರಂದು ರಕ್ಷಣಾ ಮಂತ್ರಿ ರಾಜನಾಥ ಸಿಂಗ್ ಲೋಕಸಭೆಯಲ್ಲಿ ಚೀನಾ ಗಡಿಯಲ್ಲಿ ಸೈನ್ಯ ಜಮಾಯಿಸಿದೆ ಎಂದು ಹೇಳಿಕೆ ಓದಿದರು. ಪ್ರಶ್ನೆಗೆ ಅವಕಾಶವಿಲ್ಲ, ಚರ್ಚೆಯಿಲ್ಲ. ಮರುದಿನ ರಾಜ್ಯಸಭೆಗೆ ಗೃಹ ಇಲಾಖೆಯ ಬರೆದ ಉತ್ತರ: ಕಳೆದ ಆರು ತಿಂಗಳಲ್ಲಿ ಚೀನಾ ಗಡಿಯಲ್ಲಿ ನುಸುಳುವಿಕೆ ಆಗಿಲ್ಲ! ಯಾವ ಇಲಾಖೆಯ ಮಾತನ್ನು ನಂಬಬೇಕು? 1962ರಲ್ಲೂ ಪ್ರಶ್ನೋತ್ತರ ವೇಳೆ ಇರಲಿಲ್ಲವಲ್ಲ ಎಂದು ಸರ್ಕಾರದ ವಕಾಲತ್ತುದಾರರು ಹೇಳುತ್ತಾರೆ. ಅದೇ 1962ರ ನವೆಂಬರಿನಲ್ಲಿ, ಯುದ್ಧ ನಡೆಯುತ್ತಿರುವಾಗಲೇ, ಲೋಕಸಭೆಯಲ್ಲಿ 160ಕ್ಕೂ ಹೆಚ್ಚು ಸದಸ್ಯರು ಎದ್ದು ಮಾತಾಡಿದರು ಎಂಬುದನ್ನು ಮಾತ್ರ ನುಂಗಿಬಿಡುತ್ತಾರೆ.

ಹಾಗಾದರೆ ನೆಹರೂ ಕಾಲ ಸ್ವರ್ಗವಾಗಿತ್ತೇ? ಇಲ್ಲ. 1959ರ ವರ್ಷವೊಂದನ್ನೇ ನೋಡಿ. ಜನವರಿಯಲ್ಲಿ ನೆಹರೂ ಅವರ ವಿಶೇಷ ಸಹಾಯಕ ಎಂ.ಒ. ಮಥಾಯ್ ಹುದ್ದೆ ಬಿಟ್ಟರು. ಆತ ಮಂತ್ರಿಯಲ್ಲ, ಸಂಸದನಲ್ಲ, ಆದರೆ ಪ್ರಧಾನಿಯ ಬಾಗಿಲು ಕಾಯುವವ. ಅಧಿಕಾರ ದುರುಪಯೋಗದ ಆರೋಪವನ್ನು ವಿರೋಧಿ ಸದಸ್ಯರು ಹಿಡಿದು ಜಗ್ಗಿದಾಗ ಆ ಬಾಗಿಲು ಅಲುಗಾಡಿತು. ಅದೇ ವರ್ಷ ಆಗಸ್ಟ್ 31ರಂದು ಸೇನಾ ಮುಖ್ಯಸ್ಥ ಕೆ.ಎಸ್. ತಿಮ್ಮಯ್ಯ ರಾಜೀನಾಮೆ ಕೊಟ್ಟರು. ಕೊಡಗಿನ ವೀರ, ನಮ್ಮ ನೆಲದ ಮಗ! ರಕ್ಷಣಾ ಮಂತ್ರಿ ಕೃಷ್ಣ ಮೆನನ್ ನಡೆದುಕೊಳ್ಳುತ್ತಿದ್ದ ರೀತಿ ಅವರಿಗೆ ಸಾಕಾಗಿತ್ತು. ನೆಹರೂ ಒಲಿಸಿ ರಾಜೀನಾಮೆ ವಾಪಸು ತೆಗೆಸಿದರು. ತೆಗೆಸಿ ಏನು ಮಾಡಿದರು? ಸೆಪ್ಟೆಂಬರ್ 2ರಂದು ಪಾರ್ಲಿಮೆಂಟಿನಲ್ಲಿ ಸದಸ್ಯರಿಗೆ ಉತ್ತರ ಹೇಳುತ್ತ, ಇದೆಲ್ಲ ಸ್ವಭಾವದ ತಿಕ್ಕಾಟ, ಕ್ಷುಲ್ಲಕ ವಿಷಯ ಎಂದು ಗಾಳಿಗೆ ತೂರಿ ಜನರಲ್ಲನ್ನೇ ಚಿಕ್ಕವರನ್ನಾಗಿ ಮಾಡಿದರು. ಗೆಳೆಯ ಮೆನನ್ ಕುರ್ಚಿಯಲ್ಲೇ ಉಳಿದರು. ಮೂರು ವರ್ಷದಲ್ಲಿ ಚೀನಾ ಬಂತು, ಆಗ ಮೆನನ್ ಹೋಗಬೇಕಾಯಿತು. ಕ್ಷುಲ್ಲಕ ಎಂದ ಆ ಉತ್ತರವನ್ನು ಅವತ್ತು ನಮ್ಮ ಮೈಸೂರು ರಾಜ್ಯದ ಸಂಸದರೆಲ್ಲ ಸೇರಿ ಬಿಡದೆ ಹಿಡಿದುಕೊಳ್ಳಬೇಕಿತ್ತು.

ಇನ್ನು ವಿಧಾನಸೌಧದ ಕಡೆ ತಿರುಗಿ. ಅಲ್ಲಿ ರಕ್ಷಣೆಯ ವಿಷಯವಿಲ್ಲ, ಸಲಹೆಗಾರರ ಕಾಯಿಲೆ ಮಾತ್ರ ಇದೆ. 2003ರ ತಿದ್ದುಪಡಿ ಮಂತ್ರಿಗಳ ಸಂಖ್ಯೆಗೆ ಮಿತಿ ಹಾಕಿತು. ಕರ್ನಾಟಕಕ್ಕೆ 34. ಮಂತ್ರಿಗಿರಿ ಸಿಗದವರಿಗೆ ಏನು ಕೊಡುವುದು? ಕಾರ್ಯದರ್ಶಿ, ಸಲಹೆಗಾರ, ಸಂಪುಟ ದರ್ಜೆ! ಯಡಿಯೂರಪ್ಪನವರಿಗೆ ಶಾಸಕರಾದ ಎಸ್.ಆರ್. ವಿಶ್ವನಾಥ್, ಎಂ.ಪಿ. ರೇಣುಕಾಚಾರ್ಯ ರಾಜಕೀಯ ಕಾರ್ಯದರ್ಶಿಗಳು. ಸಿದ್ದರಾಮಯ್ಯನವರು 2023ರ ಜೂನ್‌ನಲ್ಲಿ ಚುನಾವಣಾ ತಂತ್ರ ಹೆಣೆದ ಸುನಿಲ್ ಕನುಗೋಲು ಅವರನ್ನು ಸಂಪುಟ ದರ್ಜೆಯ ಸಲಹೆಗಾರರನ್ನಾಗಿ ಮಾಡಿದರು. ಆಳಂದದ ಬಿ.ಆರ್. ಪಾಟೀಲರು ರಾಜಕೀಯ ಸಲಹೆಗಾರರಾದರು, 2025ರಲ್ಲಿ ಬಿಟ್ಟು ಹೊರಬಂದರು. ಶಾಸಕನಾದ ಸಲಹೆಗಾರ ಸದನದಲ್ಲಿ ಕೂತಿರುತ್ತಾನೆ, ಆದರೆ ಮಂತ್ರಿಯಲ್ಲವಾದ್ದರಿಂದ ಉತ್ತರಿಸಬೇಕಾಗಿಲ್ಲ. ಶಾಸಕನಲ್ಲದವನನ್ನು ಸದನದಲ್ಲಿ ಹುಡುಕುವುದೇ ಬೇಡ. ದಿಲ್ಲಿಯ ಸಲಹೆಗಾರನ ಮೇಲೆ ಕಾಂಗ್ರೆಸ್ಸಿಗರು ಕೂಗುತ್ತಾರೆ, ಬೆಂಗಳೂರಿನ ಸಲಹೆಗಾರನ ಮೇಲೆ ಬಿಜೆಪಿಯವರು ಕೂಗುತ್ತಾರೆ. ಕುರ್ಚಿ ಬದಲಾದ ದಿನ ಕೂಗೂ ಬದಲಾಗುತ್ತದೆ.

ಕನ್ನಡದಲ್ಲಿ ಕೇಳಿದರೆ ಏನು ಕಳೆದುಹೋಗುತ್ತದೆ?

1967ರಲ್ಲಿ ಶಿವಮೊಗ್ಗದಿಂದ ಗೆದ್ದ ಸಮಾಜವಾದಿ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಎದ್ದು ನಿಂತು ಕನ್ನಡದಲ್ಲಿ ಮಾತಾಡಿದರು. ಆ ಸದನದಲ್ಲಿ ಕನ್ನಡ ಮೊಳಗಿದ್ದು ಅದೇ ಮೊದಲು. ಪಟೇಲರಿಗೆ ಇಂಗ್ಲಿಷ್ ಬರುತ್ತಿರಲಿಲ್ಲವೇ? ಚೆನ್ನಾಗಿಯೇ ಬರುತ್ತಿತ್ತು. ಸಂವಿಧಾನದ 120ನೇ ವಿಧಿ ಹೇಳುವುದೇನು? ಕಲಾಪ ಹಿಂದಿಯಲ್ಲಿ ಇಲ್ಲವೇ ಇಂಗ್ಲಿಷಿನಲ್ಲಿ. ಇವೆರಡರಲ್ಲೂ ಸರಿಯಾಗಿ ಹೇಳಿಕೊಳ್ಳಲಾಗದವನಿಗೆ ಸಭಾಧ್ಯಕ್ಷರು ತಾಯ್ನುಡಿಯಲ್ಲಿ ಮಾತಾಡಲು ಅನುಮತಿ ಕೊಡಬಹುದು. ಅನುಮತಿ! ಹಿಂದಿಯವನಿಗೆ ಹಕ್ಕು, ನಮಗೆ ಅನುಮತಿ. ಪಟೇಲರು ಆ ಭಿಕ್ಷೆಯನ್ನೇ ಹಕ್ಕಿನ ಹಾಗೆ ಚಲಾಯಿಸಿದರು.

ಇವತ್ತು ಅನುಕೂಲಗಳು ಹೆಚ್ಚಿವೆ. ಕನ್ನಡದ ಭಾಷಣವನ್ನು ಕೂಡಲೇ ಭಾಷಾಂತರ ಮಾಡಿ ಕಿವಿಗೆ ಹಾಕುವ ವ್ಯವಸ್ಥೆ ಲೋಕಸಭೆಯಲ್ಲಿದೆ. 2025ರ ಫೆಬ್ರವರಿಯಲ್ಲಿ ಸಂಸ್ಕೃತವೂ ಸೇರಿ ಇನ್ನೂ ಆರು ಭಾಷೆಗೆ ಅದನ್ನು ವಿಸ್ತರಿಸಿದರು. ಆದರೆ ಪ್ರಶ್ನೆಗಳ ಪಟ್ಟಿ ಅಚ್ಚಾಗುವುದು, ಮಂತ್ರಿಯ ಉತ್ತರ ಸದನದ ಮುಂದೆ ಬರುವುದು ಎರಡೇ ಭಾಷೆಯಲ್ಲಿ. ಕಾರವಾರದ ಮೀನುಗಾರ ತನ್ನ ಜಮೀನಿನ ಬಗ್ಗೆ ಮಂತ್ರಿ ಏನೆಂದರು ಎಂದು ಓದಬೇಕಾದರೆ ಹಿಂದಿ ಕಲಿತು ಬರಬೇಕೇ?

ಕಾರವಾರದ ಮಾತು ಬಂದಿತಲ್ಲ, ಅದನ್ನೂ ಹೇಳಿಬಿಡೋಣ. 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದರು. ಅರಗಾ ಮತ್ತಿತರ ಊರುಗಳ 4 ಸಾವಿರಕ್ಕೂ ಹೆಚ್ಚು ಕುಟುಂಬಗಳು ಮನೆ, ಗದ್ದೆ, ದೋಣಿ ಎಳೆಯುವ ದಂಡೆ ಬಿಟ್ಟು ಎದ್ದವು. ದೇಶಕ್ಕಾಗಿ ಎಂದರು, ಎದ್ದರು. 2005ರಲ್ಲಿ ನೆಲೆ ಉದ್ಘಾಟನೆಯಾಯಿತು. ಹೆಸರು ಏನಿಟ್ಟರು? ಕದಂಬ! ಅದೇ ಜಿಲ್ಲೆಯ ಬನವಾಸಿಯಿಂದ ಆಳಿದ, ಕನ್ನಡಿಗರ ಮೊದಲ ರಾಜವಂಶದ ಹೆಸರು. ಹಡಗಿನ ಫಲಕಕ್ಕೆ ನಮ್ಮ ಹೆಸರು ಬೇಕು. ನೆಲ ಬಿಟ್ಟವರ ಪರಿಹಾರದ ಜಗಳ ಮಾತ್ರ ಕೋರ್ಟಿನಿಂದ ಕೋರ್ಟಿಗೆ ದಶಕಗಟ್ಟಲೆ ಅಲೆಯಿತು. ಜಮೀನು ಬರೆದುಕೊಟ್ಟವರಲ್ಲಿ ಹಲವರು ಹಣ ನೋಡುವ ಮೊದಲೇ ತೀರಿಕೊಂಡರು. ಇದು ಭೂಮಿಯ ಪ್ರಶ್ನೆಯಲ್ಲ, ರಕ್ಷಣಾ ಇಲಾಖೆಯ ಪ್ರಶ್ನೆ. ರಕ್ಷಣಾ ಮಂತ್ರಿಯೇ ಎದ್ದು ಉತ್ತರ ಕೊಡಬೇಕಾದ ಪ್ರಶ್ನೆ. ಇದರಲ್ಲಿ ಯಾವ ಗುಟ್ಟಿದೆ?

ಸೈನ್ಯದ ಅಧಿಕಾರಿಯಾಗಲು ಬರೆಯುವ ಎನ್‌ಡಿಎ ಪರೀಕ್ಷೆಯ ಪ್ರಶ್ನೆಪತ್ರಿಕೆ ಬರುವುದೂ ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಕಾರ್ಯಪ್ಪ, ತಿಮ್ಮಯ್ಯನವರ ನಾಡಿನ ಹುಡುಗ ತನ್ನ ನುಡಿಯಲ್ಲಿ ಗಣಿತದ ಲೆಕ್ಕ ಬಿಡಿಸಿದರೆ ಗಡಿ ಸಡಿಲವಾಗುತ್ತದೆಯೇ? 1980ರ ದಶಕದಲ್ಲಿ ಸರೋಜಿನಿ ಮಹಿಷಿ ಸಮಿತಿ ಇಲ್ಲಿನ ಕೇಂದ್ರದ ಉದ್ಯಮಗಳ ಸಿ ಮತ್ತು ಡಿ ದರ್ಜೆಯ ಎಲ್ಲ ಕೆಲಸ ಕನ್ನಡಿಗರಿಗೇ ಎಂದಿತು. ಎಚ್‌ಎಎಲ್, ಬಿಇಎಲ್, ಬಿಇಎಂಎಲ್ ಮೂರೂ ರಕ್ಷಣಾ ಇಲಾಖೆಯ ಕೈಕೆಳಗಿನವು. ಅಲ್ಲಿ ಇವತ್ತು ಎಷ್ಟು ಕನ್ನಡಿಗರಿದ್ದಾರೆ ಎಂದು ಕೇಳುವುದೂ ರಕ್ಷಣಾ ಪ್ರಶ್ನೆಯೇ.

ನಮ್ಮವರೇ ದೊಡ್ಡ ಕುರ್ಚಿಯಲ್ಲಿದ್ದಾರೆ. ಕಲಬುರಗಿಯ ಮಲ್ಲಿಕಾರ್ಜುನ ಖರ್ಗೆಯವರು 2021ರಲ್ಲಿ ರಾಜ್ಯಸಭೆಯ ವಿರೋಧ ಪಕ್ಷದ ನಾಯಕರಾದರು. 2022ರ ಡಿಸೆಂಬರಿನಲ್ಲಿ ತವಾಂಗ್ ಗಡಿಯಲ್ಲಿ ಚೀನೀಯರ ಜೊತೆ ಘರ್ಷಣೆಯಾದಾಗ ಚರ್ಚೆ ಬೇಕೆಂದು ಪಟ್ಟು ಹಿಡಿದರು. ಸರ್ಕಾರ ಹೇಳಿಕೆ ಓದಿ ಮುಗಿಸಿತು, ಸ್ಪಷ್ಟನೆ ಕೇಳಲು ಬಿಡಲಿಲ್ಲ, ವಿರೋಧ ಪಕ್ಷ ಸಭಾತ್ಯಾಗ ಮಾಡಿತು. ಅವರ ಛಲಕ್ಕೆ ನಮ್ಮ ಗೌರವವಿದೆ. ಆದರೆ ಖರ್ಗೆ ಸಾಹೇಬರೇ, ಹಿಂದಿಯಲ್ಲಿ ಅಷ್ಟು ಸೊಗಸಾಗಿ ಗುಡುಗುವ ನೀವು ಒಂದು ಸಲ ಕಲಬುರಗಿಯ ಕನ್ನಡದಲ್ಲಿ ಗುಡುಗಿ ನೋಡಿ. ಮಂತ್ರಿಗಳು ಹೆಡ್‌ಫೋನ್ ಹುಡುಕಲಿ. ಅರವತ್ತು ವರ್ಷದ ಹತ್ತಿರ ನಾವು ಹುಡುಕಿದ್ದು ಸಾಕು.

ತರುಣರೇ, ಮುಂದಿನ ಅಧಿವೇಶನಕ್ಕೆ ಮೊದಲು ನಿಮ್ಮ ಕ್ಷೇತ್ರದ ಸಂಸದರಿಗೆ, ಅವರು ಯಾವ ಪಕ್ಷದವರೇ ಇರಲಿ, ಒಂದು ಅಂಚೆ ಕಾರ್ಡು ಹಾಕಿ. ಕನ್ನಡದಲ್ಲಿ ಬರೆಯಿರಿ. ತೇಜಸ್ ಯಾಕೆ ತಡವಾಯಿತು, ಎಚ್‌ಎಎಲ್‌ನ ಸಿ ಮತ್ತು ಡಿ ದರ್ಜೆಯಲ್ಲಿ ಕನ್ನಡಿಗರು ಎಷ್ಟು, ಸೀಬರ್ಡ್‌ನಲ್ಲಿ ಪರಿಹಾರ ಬಾಕಿ ಉಳಿದ ಕುಟುಂಬಗಳೆಷ್ಟು, ಭದ್ರತಾ ಸಲಹೆಗಾರರು ಮಾಡುವ ಮಾತುಕತೆಗೆ ಸದನದಲ್ಲಿ ಯಾವ ಮಂತ್ರಿ ಹೊಣೆ ಎಂದು ಕೇಳಲು ಹೇಳಿ. ಚುಕ್ಕೆ ಗುರುತಿನ ಪ್ರಶ್ನೆಯನ್ನೇ ಕೊಡಬೇಕು, ಪೂರಕ ಪ್ರಶ್ನೆಯನ್ನು ಕನ್ನಡದಲ್ಲೇ ಕೇಳಬೇಕು ಎಂದು ಕೆಳಗೆ ಗೆರೆ ಎಳೆದು ಬರೆಯಿರಿ. ಸಂಸದರಿಂದ ಬಂದ ಉತ್ತರವನ್ನು ಈ ಪತ್ರಿಕೆಗೆ ಕಳಿಸಿ. ಬರದಿದ್ದರೆ ಬರಲಿಲ್ಲ ಎಂದು ಕಳಿಸಿ. ಹೆಸರು, ಕ್ಷೇತ್ರ ಸಮೇತ ಅಚ್ಚು ಹಾಕುತ್ತೇವೆ.